ಉದ್ದ ಕಲ್ಲು ಒಳಕ್ಕೆ

ಅರ್ಧ ದಿನ ಬೆವರು ಸುರಿಸಿ ನಾನು ಕಟ್ಟಿದ್ದ ಗೋಡೆಯನ್ನು ಮೇಸ್ತ್ರಿ ದಾಯಿ ಐದೇ ನಿಮಿಷದಲ್ಲಿ ಬಿಚ್ಚಿಹಾಕಿದರು. ಬೈಯಲಿಲ್ಲ. ಕಲ್ಲುಗಳನ್ನು ಪಕ್ಕಕ್ಕೆ ಜೋಡಿಸಿಟ್ಟು, ‘ಹೋಗು, ಚಹಾ ಕುಡಿದು ಬಾ ಭಾಯಿ’ ಎಂದರು. ನೇಪಾಳಿಯಲ್ಲಿ ದಾಯಿ ಎಂದರೆ ಅಣ್ಣ, ಭಾಯಿ ಎಂದರೆ ತಮ್ಮ.

ಸಿಂಧುಪಾಲ್ಚೋಕ್ ಜಿಲ್ಲೆಯ ಗುಡ್ಡದ ಹಳ್ಳಿ ಅದು. 2015ರ ಏಪ್ರಿಲ್ 25ರ ಭೂಕಂಪ ನೇಪಾಳದಲ್ಲಿ ಸುಮಾರು ಒಂಬತ್ತು ಸಾವಿರ ಜನರನ್ನು ಬಲಿ ತೆಗೆದುಕೊಂಡಿತು. ಅತಿ ಹೆಚ್ಚು ಸಾವು ಕಂಡದ್ದು ಇದೇ ಜಿಲ್ಲೆ. ಅಂದು ಶನಿವಾರ, ಅಲ್ಲಿನ ಶಾಲೆಗಳಿಗೆ ರಜೆ. ಎಷ್ಟೋ ಮಕ್ಕಳು ಉಳಿದದ್ದು ಅದರಿಂದ. ಎರಡು ವರ್ಷದ ಮೇಲೆ ಮನೆ ಕಟ್ಟುವ ಸ್ವಯಂಸೇವಕನಾಗಿ ಮೂರು ವಾರಕ್ಕೆಂದು ಹೋಗಿದ್ದೆ. ಬೆಂಗಳೂರಿನ ಸಿವಿಲ್ ಎಂಜಿನಿಯರ್ ನಾನು. ಕಾಂಕ್ರೀಟಿನ ಲೆಕ್ಕ ಗೊತ್ತು, ಕಲ್ಲು ಮುಟ್ಟಿ ಗೊತ್ತಿಲ್ಲ. ಊರು ಕರ್ನಾಟಕ ಎಂದಾಗ ಅಲ್ಲಿಯ ಅಜ್ಜಿಯೊಬ್ಬರು ಕೈಮುಗಿದರು. ಪಶುಪತಿನಾಥನ ಪೂಜೆಗೆ ತಲೆಮಾರುಗಳಿಂದ ನಮ್ಮ ಕಡೆಯ ಭಟ್ಟರೇ ಅಲ್ಲವೇ! ಆ ಗೌರವವೂ ನನ್ನ ಗೋಡೆಯನ್ನು ಉಳಿಸಲಿಲ್ಲ.

ಚಂದದ ಉದ್ದ ಕಲ್ಲುಗಳನ್ನೆಲ್ಲ ಕಣ್ಣಿಗೆ ಕಾಣಲೆಂದು ಗೋಡೆಯುದ್ದಕ್ಕೆ ಮಲಗಿಸಿದ್ದೇ ನನ್ನ ತಪ್ಪು. ಅಲ್ಲಿನ ಗೋಡೆ ಸುಮಾರು ಒಂದೂವರೆ ಅಡಿ ದಪ್ಪ. ಹೊರಗೊಂದು ಸಾಲು, ಒಳಗೊಂದು ಸಾಲು, ನಡುವೆ ಚೂರುಕಲ್ಲು, ಮಣ್ಣು. ಎರಡು ಸಾಲನ್ನೂ ಹಿಡಿದುಕೊಳ್ಳುವ ಕಲ್ಲಿಲ್ಲದಿದ್ದರೆ ನೆಲ ಅಲುಗಿದಾಗ ಗೋಡೆಯ ಹೊಟ್ಟೆ ಉಬ್ಬಿ ಸಾಲು ಕಳಚಿಕೊಳ್ಳುತ್ತದೆ, ಮೇಲಿನ ಭಾರವೆಲ್ಲ ಒಳಗಿದ್ದವರ ತಲೆಯ ಮೇಲೆ. ಹಾಗಾಗಿ ಗಿಡ್ಡ ಮುಖ ಹೊರಕ್ಕೆ, ಉದ್ದ ಒಳಕ್ಕೆ. ದಾಯಿ ಮೊದಲು ಮಣ್ಣಿಲ್ಲದೆಯೇ ಕಲ್ಲು ಕೂರಿಸಿ ಅಂಗೈಯಿಂದ ಒತ್ತಿ ನೋಡುತ್ತಿದ್ದರು. ಅಲುಗಿದರೆ ತಿರುಗಿಸು, ಮತ್ತೂ ಅಲುಗಿದರೆ ಬೇರೆ ಕಲ್ಲು ಹುಡುಕು. ಇದನ್ನೆಲ್ಲ ನಾನೂ ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಗಿಟ್ಟಿಸಿದ್ದೆ.

ಹಾಗೆಂದು ಹಳ್ಳಿಗರಿಗೆ ಎಲ್ಲ ಗೊತ್ತಿತ್ತು ಎಂದರೆ ಸುಳ್ಳಾಗುತ್ತದೆ. ದಾಯಿಯದೇ ಮನೆ ಉರುಳಿತ್ತು. ಗೋಡೆಯ ಸುತ್ತ ಸೊಂಟಪಟ್ಟಿಯಂತೆ ಮರ ಅಥವಾ ಕಾಂಕ್ರೀಟಿನ ಪಟ್ಟಿ ಹಾಯಿಸುವುದನ್ನು ಅವರು ಕಲಿತದ್ದು ಭೂಕಂಪದ ನಂತರದ ತರಬೇತಿಯಲ್ಲಿ. ಸರ್ಕಾರ ಮನೆಯೊಂದಕ್ಕೆ ಕೊಡುತ್ತಿದ್ದ ಮೂರು ಲಕ್ಷ ನೇಪಾಳಿ ರೂಪಾಯಿ, ನಮ್ಮ ಲೆಕ್ಕದಲ್ಲಿ ಎರಡು ಲಕ್ಷಕ್ಕೂ ಕಡಿಮೆ, ಮೂರು ಕಂತಿನಲ್ಲಿ ಬರುತ್ತಿತ್ತು. ಕೆಲಸ ನಿಯಮದಂತಿದೆಯೆಂದು ತಪಾಸಣೆಯವರು ಒಪ್ಪಿದರಷ್ಟೇ ಮುಂದಿನ ಕಂತು. ನನ್ನ ಸೊಟ್ಟ ಗೋಡೆ ನಿಂತಿದ್ದರೆ ಆ ಮನೆಯವರ ಕಂತಿಗೇ ಕುತ್ತು.

ಮರುದಿನದಿಂದ ಕಲ್ಲು ಹೊತ್ತೆ. ಹಣೆಗೆ ನಾಮ್ಲೋ ಪಟ್ಟಿ, ಬೆನ್ನಿಗೆ ಡೋಕೋ ಬುಟ್ಟಿ. ಊರಿನ ಗಂಡಸರಲ್ಲಿ ಬಹಳಷ್ಟು ಮಂದಿ ಕೊಲ್ಲಿ ದೇಶಗಳಲ್ಲಿ, ಮಲೇಷ್ಯಾದಲ್ಲಿ ದುಡಿಯುತ್ತಿದ್ದರು. ಕಲ್ಲು ಹೊರುವವರು ಹೆಂಗಸರೇ. ನನ್ನ ಒಂದು ಬುಟ್ಟಿ ಮೇಲೇರುವಷ್ಟರಲ್ಲಿ ಅವರದು ಮೂರು.

ನನ್ನ ಪ್ರಯಾಣದ ಖರ್ಚಿನಲ್ಲಿ ಅಲ್ಲಿ ಇನ್ನೊಬ್ಬ ಡಕರ್ಮಿಗೆ, ಅಂದರೆ ಕಲ್ಲು ಕಟ್ಟುವ ಮೇಸ್ತ್ರಿಗೆ, ಎಷ್ಟೋ ದಿನದ ಕೂಲಿ ಕೊಡಬಹುದಿತ್ತು. ಲಾಭವಾದದ್ದು ಹೆಚ್ಚಾಗಿ ನನಗೇ. 2023ರ ನವೆಂಬರಿನಲ್ಲಿ ನೇಪಾಳದ ಇನ್ನೊಂದು ಜಿಲ್ಲೆ ಜಾಜರ್‌ಕೋಟ್ ನಡುಗಿ 150ಕ್ಕೂ ಹೆಚ್ಚು ಜನ ಸತ್ತಾಗ, ಅಲ್ಲಿಯೂ ಉರುಳಿದ್ದು ಇಂಥವೇ ಮಣ್ಣುಕಲ್ಲಿನ ಗೋಡೆಗಳು. ಆ ಸಲ ನಾನು ಹೋಗಲಿಲ್ಲ. ಟಿಕೆಟ್ಟಿನ ದುಡ್ಡು ಕಳಿಸಿದೆ. ನೀವೂ ಹೊರಡುವ ಯೋಚನೆಯಲ್ಲಿದ್ದರೆ, ಮೊದಲು ಮೇಸ್ತ್ರಿಯ ಕೂಲಿ ಕಳಿಸಿ. ಉಳಿದ ದುಡ್ಡಿನಲ್ಲಿ ಹೋಗಿ ಕಲ್ಲು ಹೊರಿ.