ಸಿಂಪರಣೆಯ ಔಷಧವು ಎಲೆಗೆ ಹತ್ತುವುದನ್ನು ಅಳೆಯುವ ಕ್ರಮ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳಲ್ಲಿ ಮಾವಿನ ಹೂವಿಗೆ ಜಿಗಿಹುಳುವೂ ಬೂದಿರೋಗವೂ ತಗಲಿದಾಗ ಔಷಧವನ್ನು ಸಿಂಪಡಿಸುವುದು ವಾಡಿಕೆಯಾಗಿದೆ. ಔಷಧವು ಎಷ್ಟೇ ಉತ್ತಮವಾಗಿದ್ದರೂ, ಹೂವು ಎಲೆಗಳ ಮೇಲೆ ಹರಡದೆ ಉರುಳಿ ನೆಲಕ್ಕೆ ಬಿದ್ದರೆ ಹಣವೂ ಫಸಲೂ ಒಟ್ಟಿಗೆ ನಷ್ಟವಾಗುವುವು.

ಕೆಸುವಿನ ಎಲೆಯ ಮೇಲೆ ನೀರು ಮುತ್ತಿನಂತೆ ನಿಲ್ಲುವುದನ್ನು ಎಲ್ಲರೂ ಬಲ್ಲರು. ಎಲೆಯ ಮೇಣದ ಪೊರೆಯೇ ಇದಕ್ಕೆ ಮುಖ್ಯ ಕಾರಣವು. ಹನಿಯ ಅಂಚು ಎಲೆಯೊಡನೆ ಒಳಗಡೆ ಉಂಟುಮಾಡುವ ಕೋನಕ್ಕೆ ಸ್ಪರ್ಶಕೋನವೆಂದು ಹೆಸರು. ಇದು 90 ಡಿಗ್ರಿಗಿಂತ ಹೆಚ್ಚಾಗಿದ್ದರೆ ದ್ರವವು ಚೆನ್ನಾಗಿ ಹತ್ತದು. ಕಡಿಮೆಯಾದಷ್ಟೂ ಚೆನ್ನಾಗಿ ಹರಡುವುದು.

ಪರೀಕ್ಷೆಯು ಸುಲಭವಾದುದು. ಆಗತಾನೆ ಕಿತ್ತ ಎಲೆಯನ್ನು ಒರಸದೆ ಮಟ್ಟವಾದ ಹಲಗೆಯ ಮೇಲಿಟ್ಟು, ಬೆರಸಿದ ಔಷಧದ ಸಣ್ಣ ಹನಿಯೊಂದನ್ನು ಬಿಟ್ಟು, ಕಣ್ಣನ್ನು ಎಲೆಯ ಮಟ್ಟಕ್ಕೆ ತಂದು ಪಕ್ಕದಿಂದ ನೋಡತಕ್ಕದ್ದು. ಹನಿಯು ಗುಂಡಾಗಿ ನಿಂತರೆ, ಆ ಔಷಧಕ್ಕೆ ಒಪ್ಪುವ ಅಂಟುದ್ರಾವಣವನ್ನು ಚೀಟಿಯಲ್ಲಿ ಹೇಳಿರುವ ಪ್ರಮಾಣದಲ್ಲಿ ಸೇರಿಸಿ ಪುನಃ ನೋಡಬೇಕು. ಅದು ಮಿತಿಮೀರಿದರೆ ದ್ರವವು ಎಲೆಯಿಂದ ಇಳಿದುಹೋಗಿ ವ್ಯರ್ಥವಾಗುವುದು.

ಹತ್ತಿರದಲ್ಲಿ ಹಿಪ್ಪುನೇರಳೆ ತೋಟವಿದ್ದರೆ, ಗಾಳಿಯು ಆ ಕಡೆಗೆ ಬೀಸುವಾಗ ಸಿಂಪಡಿಸಕೂಡದು. ಕೀಟನಾಶಕವು ಬಿದ್ದ ಸೊಪ್ಪು ರೇಷ್ಮೆಹುಳುವಿಗೆ ವಿಷವು. ಗ್ರಾಮದ ಮುಖಂಡರೂ ಜಮೀನುದಾರರೂ ಹೂವಿನ ಕಾಲಕ್ಕೆ ಮೊದಲೇ ಈ ಪರೀಕ್ಷೆಯನ್ನು ಇತರ ರೈತರಿಗೆ ಮಾಡಿ ತೋರಿಸುವುದು ಶ್ರೇಯಸ್ಕರವು.