ಹತ್ತು ವರ್ಷದ ತಿರುಗಾಟ, ಕೈಯಲ್ಲಿ ಒಂದು ಕಾಗದವೂ ಇಲ್ಲ: ಸೀಸನ್ ಕೆಲಸದ ಲೆಕ್ಕ ನಡೆಯೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಲಾಗಿದೆ.)



ಕೆಲವು ತಿಂಗಳ ಹಿಂದೆ ಒಂದು ಬ್ಯಾಂಕಿಗೆ ಹೋಗಿದ್ದೆ. ಕಡೂರಲ್ಲಿ ಅಪ್ಪನ ದಿನಸಿ ಅಂಗಡಿ ಇದೆ. ಅದಕ್ಕೊಂದು ದೊಡ್ಡ ಫ್ರಿಜ್, ಒಂದಿಷ್ಟು ಸರಕು ಹಾಕೋಣ ಅಂತ ಎರಡು ಲಕ್ಷ ಸಾಲ ಕೇಳಿದ್ದೆ. ಮ್ಯಾನೇಜರ್ ಅರ್ಜಿ ನೋಡಿ, "ಬಿ.ಕಾಂ. 2017ರಲ್ಲೇ ಮುಗಿದಿದೆ. ಆಮೇಲೆ ಏನು ಮಾಡ್ತಿದ್ರಿ?" ಅಂದ್ರು. ಕೆಲಸ ಮಾಡ್ತಿದ್ದೆ ಸಾರ್ ಅಂದೆ. ಎಲ್ಲಿ ಅಂದ್ರು. ಕಾಫಿ ತೋಟದಲ್ಲಿ ರೈಟರ್, ಹಿಮಾಚಲದಲ್ಲಿ ಟ್ರೆಕ್ಕಿಂಗ್ ಕ್ಯಾಂಪಿನ ಸ್ಟೋರ್ ಕೀಪರ್, ಮಧ್ಯದಲ್ಲಿ ಅಡಿಕೆ ಸುಲಿಯೋ ಮನೆಯಲ್ಲಿ ಲೆಕ್ಕ ಬರೆಯೋದು ಅಂತೆಲ್ಲ ಹೇಳಿದೆ. ಸ್ಯಾಲರಿ ಸ್ಲಿಪ್? ಇಲ್ಲ. ಐಟಿ ರಿಟರ್ನ್? ಇಲ್ಲ. ಪಿಎಫ್ ನಂಬರ್? ಇಲ್ಲ.

"ಹಾಗಾದ್ರೆ ನೀವು ಕೆಲಸ ಮಾಡಿದ್ದೀರಿ ಅಂತ ನಾನು ಏನು ನೋಡಿ ಬರೀಲಿ?"

ಅವರ ಪ್ರಶ್ನೆ ತಪ್ಪಲ್ಲ. ನನಗೆ ನಗು ಬಂದಿದ್ದು ಯಾಕೆ ಅಂದ್ರೆ, ಈ ಹತ್ತು ವರ್ಷ ನಾನು ಮಾಡಿದ್ದೇ ಲೆಕ್ಕ ಬರೆಯೋ ಕೆಲಸ. ಊರವರದ್ದೆಲ್ಲ ಬರೆದಿದ್ದೀನಿ, ನನ್ನದೇ ಬರೆದಿಲ್ಲ. ಇವತ್ತಿನ ಸಂಚಿಕೆ ಅದರ ಬಗ್ಗೆ. ಸೀಸನ್ ಕೆಲಸದಲ್ಲಿ ದುಡ್ಡು ಹೇಗೆ ಓಡಾಡುತ್ತೆ, ಕಾಗದ ಇಲ್ಲದಿದ್ರೆ ಯಾರಿಗೆ ಏನಾಗುತ್ತೆ, ಈಗ ಶುರು ಮಾಡೋರು ಏನು ಇಟ್ಕೋಬೇಕು.

ವರ್ಷ ಅಂದ್ರೆ ಮೂರು ಸೀಸನ್

ಶುರುವಾಗಿದ್ದು 2015ರ ಡಿಸೆಂಬರ್. ಆಗ ನನಗೆ 19. ಕಾಲೇಜಿಗೆ ರಜ, ಚಿಕ್ಕಮಗಳೂರು ಕಡೆ ಒಂದು ತೋಟದಲ್ಲಿ ರೈಟರ್‌ಗೆ ಸಹಾಯಕ ಬೇಕಿತ್ತು. ಡಿಗ್ರಿ ಮುಗಿದ ಮೇಲೆ ಅದನ್ನೇ ವರ್ಷಪೂರ್ತಿ ಹರಡಿಕೊಂಡೆ.

ಕಾಫಿಯಲ್ಲಿ ಮೊದಲು ಅರೇಬಿಕಾ. ನವೆಂಬರಿಂದ ಜನವರಿವರೆಗೆ. ಹಣ್ಣಾದದ್ದನ್ನು ಮಾತ್ರ ಆರಿಸಿ ಕುಯ್ಯಬೇಕು, ಒಂದೇ ಗಿಡಕ್ಕೆ ಮೂರ್ನಾಲ್ಕು ಸಲ ಬರಬೇಕು. ಅದು ಮುಗಿಯೋ ಹೊತ್ತಿಗೆ ರೋಬಸ್ಟಾ, ಮಾರ್ಚ್‌ವರೆಗೂ ಎಳೆಯುತ್ತೆ. ಏಪ್ರಿಲ್ ಕೊನೆಗೆ ನಾನು ಹಿಮಾಚಲಕ್ಕೆ ರೈಲು ಹತ್ತುತಿದ್ದೆ. ಮೇ, ಜೂನ್ ಕುಲ್ಲು ಕಣಿವೆ, ಮಳೆ ಹೆಚ್ಚಾದ ಮೇಲೆ ಮಳೆ ಕಡಿಮೆ ಇರೋ ಲಾಹೌಲ್ ಕಡೆ. ಸೆಪ್ಟೆಂಬರ್ ಮಧ್ಯಕ್ಕೆ ಇಳಿದು ಬಂದರೆ ಮಲೆನಾಡಲ್ಲಿ ಅಡಿಕೆ. ಕೊನೆ ಇಳಿಸೋದು, ಸುಲಿಯೋದು, ಬೇಯಿಸೋದು. ಅಲ್ಲಿಂದ ಮತ್ತೆ ಕಾಫಿ.

ಸೀಸನ್ ಅಂದ್ರೆ ಬರೀ ಹವಾಮಾನ ಅಂದ್ಕೊಂಡಿದ್ದೆ. ಅಲ್ಲ, ರಸ್ತೆನೂ ಹೌದು. ಮೊದಲೆಲ್ಲ ರೋಹ್ತಾಂಗ್ ಪಾಸ್‌ನಲ್ಲಿ ಹಿಮ ಬಿದ್ದರೆ ಲಾಹೌಲ್‌ಗೆ ದಾರಿಯೇ ಇರ್ತಿರಲಿಲ್ಲ. 2020ರ ಅಕ್ಟೋಬರ್ 3ರಂದು ಸುಮಾರು 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ ಉದ್ಘಾಟನೆ ಆಯ್ತು. ಆಮೇಲೆ ಚಳಿಗಾಲದಲ್ಲೂ ಆ ಕಡೆ ಪ್ರವಾಸಿಗರು ಬರೋಕೆ ಶುರು ಮಾಡಿದ್ರು. ಅಲ್ಲಿನವರಿಗೆ ಒಳ್ಳೇದಾಯ್ತು. ನನ್ನಂಥವರಿಗೆ ಲೆಕ್ಕ ತಪ್ಪಿತು. "ಡಿಸೆಂಬರ್‌ನಲ್ಲೂ ಇರ್ತೀಯಾ, ಇಲ್ಲಾಂದ್ರೆ ಪೂರ್ತಿ ವರ್ಷ ಇರೋರನ್ನ ನೋಡ್ಕೋತೀವಿ" ಅಂತ ಕೇಳೋಕೆ ಶುರು ಮಾಡಿದ್ರು. ನಾವು ಮಾಡೋ ಕೆಲಸ ಬೇರೆ ಯಾರೋ ಕೊರೆದ ಒಂದು ಸುರಂಗದಿಂದ ಬದಲಾಗಿಬಿಡುತ್ತೆ.

ದುಡ್ಡು ಎಷ್ಟು ಬರ್ತಿತ್ತು? 2023ರ ನನ್ನ ಲೆಕ್ಕ ಹೇಳ್ತೀನಿ. ಕಾಫಿ ನಾಲ್ಕು ತಿಂಗಳು, ತಿಂಗಳಿಗೆ 14,000, ಅಂದ್ರೆ 56,000. ಹಿಮಾಚಲ ನಾಲ್ಕೂವರೆ ತಿಂಗಳು, 16,000ದಂತೆ 72,000. ಅಡಿಕೆ ಒಂದೂವರೆ ತಿಂಗಳಿಗೆ 15,000. ಒಟ್ಟು 1,43,000. ಹನ್ನೆರಡರಿಂದ ಭಾಗಿಸಿದ್ರೆ ತಿಂಗಳಿಗೆ ಹನ್ನೆರಡು ಸಾವಿರವೂ ಇಲ್ಲ. ಊಟ, ವಸತಿ ಬಹುಪಾಲು ಅವರದ್ದೇ ಆದ್ದರಿಂದ ಕೈಯಲ್ಲಿ ಉಳೀತಿತ್ತು. ಅದಕ್ಕೇ "ನಾನು ಆರಾಮಾಗಿದ್ದೀನಿ" ಅಂತ ಅನ್ನಿಸ್ತಿತ್ತು. ಸೀಸನ್ ದುಡಿಮೆಯ ಮೋಸ ಅದೇ. ಆದಾಯ ತಿಂಗಳ ಲೆಕ್ಕದಲ್ಲಿ ಕಾಣುತ್ತೆ, ಖರ್ಚು ವರ್ಷದ ಲೆಕ್ಕದಲ್ಲಿ ಬರುತ್ತೆ.

ಮೂರು ವಾರದ ಬಿಡಿ ಹಾಳೆ

ಈಗ ನನ್ನ ಒಂದು ತಪ್ಪಿನ ವಿಷಯ. ಇದನ್ನ ಇದುವರೆಗೆ ಎಲ್ಲೂ ಹೇಳಿಲ್ಲ.

ಕಾಫಿ ಕುಯ್ಲಿನ ಕೂಲಿ ಹೆಚ್ಚಾಗಿ ಕೆಜಿ ಲೆಕ್ಕ. ಸಂಜೆ ಚೀಲ ತೂಗ್ತಾರೆ, ರೈಟರ್ ಪುಸ್ತಕದಲ್ಲಿ ಬರೀತಾನೆ. ಹೊರ ಊರಿಂದ ಬರೋರಿಗೆ ಮೇಸ್ತ್ರಿ ಮೊದಲೇ ಮುಂಗಡ ಕೊಟ್ಟಿರ್ತಾರೆ. ಆ ದುಡ್ಡು ಅಷ್ಟು ಹೊತ್ತಿಗೆ ಮನೆ ರಿಪೇರಿಗೋ, ಆಸ್ಪತ್ರೆಗೋ, ಹಳೇ ಸಾಲಕ್ಕೋ ಹೋಗಿರುತ್ತೆ. ಸೀಸನ್ ಪೂರ್ತಿ ವಾರದ ಸಂತೆ ಖರ್ಚಿಗೆ ಒಂದಿಷ್ಟು ಕೊಡ್ತಾರೆ. ಕೊನೆಗೆ ಒಟ್ಟು ತೂಕದ ಕೂಲಿಯಲ್ಲಿ ಮುಂಗಡ, ವಾರದ ಖರ್ಚು ಎರಡನ್ನೂ ಕಳೆದು ಉಳಿದದ್ದನ್ನ ಬಟವಾಡೆ ಮಾಡ್ತಾರೆ.

2019ರ ಸೀಸನ್‌ನಲ್ಲಿ ಹರಪನಹಳ್ಳಿ ಕಡೆಯ ಒಬ್ಬ ಅಕ್ಕ ಇದ್ರು. 68 ದಿನ ಕುಯ್ದಿದ್ರು, ದಿನಕ್ಕೆ ಸರಾಸರಿ 80 ಕೆಜಿ, ಕೆಜಿಗೆ 4 ರೂಪಾಯಿ. ಒಟ್ಟು 21,760. ಮುಂಗಡ 15,000, ಹನ್ನೆರಡು ವಾರದ ಖರ್ಚು 3,000. ಅವರಿಗೆ 3,760 ರೂಪಾಯಿ ಬರಬೇಕಿತ್ತು.

ಆ ಸೀಸನ್ ಮಧ್ಯದಲ್ಲಿ ತೂಕದ ಪುಸ್ತಕ ಮುಗಿದುಹೋಯ್ತು. ಹೊಸದು ಬರೋವರೆಗೆ ಮೂರು ವಾರ, ಅಂದ್ರೆ 18 ದಿನದ ತೂಕವನ್ನ ನಾನು ಬಿಡಿ ಹಾಳೆಯಲ್ಲಿ ಬರೆದಿದ್ದೆ. ಆಮೇಲೆ ನಕಲು ಮಾಡೋಣ ಅಂತ. ಅಷ್ಟರಲ್ಲಿ ಗೆಳೆಯರು ಫೋನ್ ಮಾಡಿ, ಹೋಳಿ ಹಬ್ಬಕ್ಕೆ ವಾರಾಣಸಿಗೆ ಹೋಗೋಣ ಬಾ ಅಂದ್ರು. ಕುಯ್ಲು ಇನ್ನೂ ಹತ್ತು ದಿನ ಇತ್ತು. ನಾನು ಪುಸ್ತಕವನ್ನ ಮೇಸ್ತ್ರಿ ಕೈಗೆ ಕೊಟ್ಟು ಹೊರಟೆ. ಹಾಳೆ ನಕಲು ಆಗಿರಲಿಲ್ಲ.

ಬಟವಾಡೆ ದಿನ ಪುಸ್ತಕದಲ್ಲಿ 18 ದಿನ ಖಾಲಿ. 5,760 ರೂಪಾಯಿ ಕಮ್ಮಿ. 3,760 ಬರಬೇಕಾದ ಅಕ್ಕನ ತಲೆ ಮೇಲೇ 2,000 ಬಾಕಿ ಅಂತ ಆಯ್ತು. ಅವರು ನನಗೆ ಫೋನ್ ಮಾಡಿದಾಗ ನಾನು ಘಾಟ್ ಮೇಲೆ ಕೂತಿದ್ದೆ. "ರೊಕ್ಕ ಆಮ್ಯಾಲೆ ನೋಡೂಣು ತಮ್ಮಾ, ನಾ ಬಾಕಿ ಇಟ್ಕೊಂಡಿಲ್ಲ ಅಂತ ನೀ ಬಂದು ಒಂದ್ ಮಾತ ಹೇಳು" ಅಂದ್ರು. ನಾನು ಮೇಸ್ತ್ರಿಗೆ ಫೋನಲ್ಲೇ ಹೇಳಿದೆ. "ಹಾಳೆ ಎಲ್ಲಿದೆ?" ಅಂದ್ರು. ಹಾಳೆ ಎಲ್ಲೂ ಇರಲಿಲ್ಲ. ನಾನು ಹೋಗಲೂ ಇಲ್ಲ.

ಇಲ್ಲಿ 2,000 ದೊಡ್ಡ ಮೊತ್ತವಾ ಅಂತ ನೀವು ಕೇಳಬಹುದು. ಆ ಬಾಕಿ ಏನು ಮಾಡುತ್ತೆ ನೋಡಿ. ಬಾಕಿ ಇದ್ದವರು ಮುಂದಿನ ವರ್ಷ ಅದೇ ಮೇಸ್ತ್ರಿ ಹತ್ರ ಬರಬೇಕು. ಬೇರೆ ತೋಟದಲ್ಲಿ ಕೆಜಿಗೆ 50 ಪೈಸೆ ಜಾಸ್ತಿ ಇದ್ರೂ ಹೋಗೋ ಹಾಗಿಲ್ಲ. ಮುಂಗಡ ತೋರಿಸಿ ಯಾರನ್ನೂ ಕೆಲಸಕ್ಕೆ ಕಟ್ಟಿಹಾಕಬಾರದು ಅಂತ 1976ರ ಜೀತ ಪದ್ಧತಿ ನಿರ್ಮೂಲನ ಕಾಯ್ದೆ ಹೇಳುತ್ತೆ. ಆದರೆ ಬಾಕಿಯೇ ಸುಳ್ಳು ಅಂತ ತೋರಿಸೋಕೆ ಕಾಗದ ಬೇಕಲ್ಲ.

ಮುಂದಿನ ನವೆಂಬರ್‌ನಲ್ಲಿ ಅಕ್ಕ ಬಂದಿದ್ರು. ನಾನೂ ಹೋಗಿದ್ದೆ. ಮೇಸ್ತ್ರಿ ಎದುರೇ ತಪ್ಪು ನನ್ನದು ಅಂದೆ. 2,000 ಬಾಕಿ ಹೊಡೆದುಹಾಕಿದ್ರು. ಆದ್ರೆ ಹಳೇ ವರ್ಷದ 3,760 ಕೊಡಲಿಲ್ಲ, ಅದನ್ನ ನಾನು ಕೊಟ್ಟೆ. ಅಕ್ಕ ಎರಡು ಸಲ ಎಣಿಸಿ ಇಟ್ಕೊಂಡ್ರು. ಆಮೇಲೆ, "ಈ ಸಲ ನನಗೂ ಒಂದು ಪುಸ್ತಕ ಕೊಡು" ಅಂದ್ರು.

ವಾಪಸ್ ಹೋಗೋಕೆ ಮನೆ ಇದ್ದವರು

2020ರ ಮಾರ್ಚ್ 25ರಿಂದ ಲಾಕ್‌ಡೌನ್. ನಾವೆಲ್ಲ ತೋಟದ ಲೈನ್ ಮನೆಗಳಲ್ಲಿದ್ವಿ. ಕುಯ್ಲು ಮುಗಿದಿತ್ತು, ಕೂಲಿ ಇಲ್ಲ. ನಾಲ್ಕನೇ ವಾರ ಅಪ್ಪ ಹೇಗೋ ಪಾಸ್ ಮಾಡಿಸಿಕೊಂಡು ಬೈಕಲ್ಲಿ ಬಂದು ನನ್ನ ಕರ್ಕೊಂಡು ಹೋದ್ರು. ಎರಡು ಗಂಟೆ ದಾರಿ. ನನ್ನ ಪಕ್ಕದ ಮನೆಯಲ್ಲಿ ಜಾರ್ಖಂಡ್‌ನ ಹುಡುಗರಿದ್ರು. ಶ್ರಮಿಕ್ ರೈಲುಗಳು ಶುರುವಾಗಿದ್ದೇ ಮೇ 1ಕ್ಕೆ. ಅವರು ಊರು ಸೇರಿದ್ದು ಜೂನ್‌ನಲ್ಲಿ.

ಅಲ್ಲಿವರೆಗೆ ನಾನೂ ಅವರೂ ಒಂದೇ ಥರದ ಅಲೆಮಾರಿಗಳು ಅಂದ್ಕೊಂಡಿದ್ದೆ. ಒಂದೇ ನಲ್ಲಿ ನೀರು, ಒಂದೇ ಒಲೆ. ಬೈಕ್ ಹತ್ತುವಾಗ ಗೊತ್ತಾಯ್ತು, ನಾನು ತಿರುಗಾಡ್ತಿದ್ದಿದ್ದು ಬೇಕು ಅಂತ, ಅವರು ಬೇರೆ ದಾರಿ ಇಲ್ಲ ಅಂತ. ನನ್ನ ಕಾಗದ ಕಳೆದ್ರೆ ಸಾಲ ಸಿಗಲ್ಲ, ಅಷ್ಟೇ. ಅಪ್ಪನ ಅಂಗಡಿ ಇದೆ. ಅವರ ಕಾಗದ ಕಳೆದ್ರೆ ಒಂದು ಸೀಸನ್ನೇ ಹೋಗುತ್ತೆ.

ವೋಟಿನ ವಿಷಯ ನೋಡಿ. ವಿಧಾನಸಭೆ ಚುನಾವಣೆ 2018ರಲ್ಲಿ ಮೇ 12, 2023ರಲ್ಲಿ ಮೇ 10. ಎರಡೂ ಸಲ ನಾನು ಹಿಮಾಚಲದಲ್ಲಿದ್ದೆ, ಎರಡೂ ವೋಟ್ ಹೋಯ್ತು. ವಲಸೆ ಕಾರ್ಮಿಕರಿಗೆ ಅಂಚೆ ಮತದಾನ ಇಲ್ಲ.

ಕಾನೂನು ಎಣಿಸುತ್ತೆ, ಲೆಕ್ಕ ತೋರಿಸಿದ್ರೆ

ಕರಾವಳಿಯ ಯಕ್ಷಗಾನ ಮೇಳಗಳಲ್ಲಿ ಕಲಾವಿದರ ಅನುಭವವನ್ನ ವರ್ಷದಲ್ಲಿ ಹೇಳಲ್ಲ, ತಿರುಗಾಟದಲ್ಲಿ ಹೇಳ್ತಾರೆ. ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ್ರೆ ಒಂದು ತಿರುಗಾಟ ಮುಗೀತು. ಮೂವತ್ತು ತಿರುಗಾಟ ಮಾಡಿದವರು ಅಂದ್ರೆ ಅದೊಂದು ಗೌರವ. ಸೀಸನ್ ಅನ್ನೋದನ್ನೂ ಸೇವೆ ಅಂತ ಎಣಿಸೋ ಪದ್ಧತಿ ನಮ್ಮಲ್ಲೇ ಇದೆ.

ಕಾನೂನಿನಲ್ಲೂ ಸ್ವಲ್ಪ ಇದೆ. ಗ್ರಾಚ್ಯುಟಿ ಅಂದ್ರೆ ಐದು ವರ್ಷ ಸೇವೆಗೆ, ವರ್ಷಕ್ಕೆ 15 ದಿನದ ಕೂಲಿ ಅಂತ ಎಲ್ಲರಿಗೂ ಗೊತ್ತು. ಸೀಸನ್ ಮೇಲೆ ನಡೆಯೋ ಸಂಸ್ಥೆಗಳಲ್ಲಿ ಸೀಸನ್‌ಗೆ 7 ದಿನದ ಕೂಲಿ ಅಂತ 1972ರ ಕಾಯ್ದೆಯಲ್ಲೇ ಇತ್ತು, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದೇ ಇದೆ. ಇದು ಹೆಚ್ಚಿನವರಿಗೆ ಗೊತ್ತಿಲ್ಲ. ಆದರೆ ಸಂಸ್ಥೆ ನಡೆದ ದಿನಗಳಲ್ಲಿ ಮುಕ್ಕಾಲು ಪಾಲು ನೀವು ಕೆಲಸ ಮಾಡಿರಬೇಕು. ಮಾಡಿದ್ರಿ ಅಂತ ತೋರಿಸೋದು ಯಾವುದು? ಮತ್ತೆ ಅದೇ ಹಾಜರಿ ಪುಸ್ತಕ.

ಪಿಎಫ್‌ದು ಇನ್ನೊಂದು ಕಥೆ. 20 ಜನರಿಗಿಂತ ಕಡಿಮೆ ಇರೋ ಕಡೆ ಸಾಮಾನ್ಯವಾಗಿ ಅದು ಕಡ್ಡಾಯ ಅಲ್ಲ. ನಾನು ಕೆಲಸ ಮಾಡಿದ ಕ್ಯಾಂಪುಗಳಲ್ಲಿ ಇರ್ತಿದ್ದಿದ್ದೇ ಹತ್ತು ಹನ್ನೆರಡು ಜನ. ಪಿಎಫ್ ಜೊತೆಗಿನ ಪಿಂಚಣಿಗೆ ಕನಿಷ್ಠ 10 ವರ್ಷದ ಸೇವೆ ಬೇಕು. ನನ್ನ ಜೊತೆ ಓದಿ, ಡಿಗ್ರಿ ಆದ ಕೂಡಲೇ ಬೆಂಗಳೂರಲ್ಲಿ ಅಕೌಂಟ್ಸ್ ಕೆಲಸಕ್ಕೆ ಸೇರಿದವನು ಆ ಗೆರೆ ಹತ್ತಿರ ಬಂದಿದ್ದಾನೆ. ನಾನು ಸೊನ್ನೆಯಲ್ಲಿದ್ದೀನಿ.

ಈಗ ಶುರು ಮಾಡೋರಿಗೆ

ತಿರುಗಾಡಬೇಡಿ ಅಂತ ನಾನು ಹೇಳಲ್ಲ. ಲಾಹೌಲ್‌ನ ಒಂದು ಬೆಳಗಿನ ಜಾವ, ಕಣದಲ್ಲಿ ಒಣಗೋ ಕಾಫಿ ವಾಸನೆ, ಇವೆಲ್ಲ ನನಗೆ ಸಿಕ್ಕಿವೆ, ಬೇಸರ ಇಲ್ಲ. ಆದರೆ ಇಷ್ಟು ಮಾಡ್ಕೊಳ್ಳಿ.

ಒಂದು, ನಿಮ್ಮದೇ ಒಂದು ಪುಸ್ತಕ ಇಡಿ. ತಾರೀಕು, ಕೆಲಸ ಅಥವಾ ತೂಕ, ಕೂಲಿ, ತಗೊಂಡ ಮುಂಗಡ. ವಾರಕ್ಕೊಮ್ಮೆ ಮೇಸ್ತ್ರಿ ಸಹಿ ಹಾಕಿಸಿ, ಫೋನಲ್ಲಿ ಫೋಟೋ ತೆಗೆದಿಡಿ. 2019ರ ನವೆಂಬರ್‌ನಿಂದ ನಾನಿದ್ದ ತೋಟದಲ್ಲಿ ಪ್ರತಿಯೊಬ್ಬರಿಗೂ 10 ರೂಪಾಯಿಯ ಒಂದು ನೋಟ್‌ಬುಕ್ ಕೊಡ್ತಿದ್ವಿ. ಅಷ್ಟೇ ಖರ್ಚು.

ಎರಡು, ಆದಷ್ಟೂ ಕೂಲಿಯನ್ನ ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ. ಪಾಸ್‌ಬುಕ್ ಕೂಡ ಸಾಕ್ಷಿಯೇ.

ಮೂರು, ಇ-ಶ್ರಮ್‌ನಲ್ಲಿ ಹೆಸರು ಬರೆಸಿ. 2021ರ ಆಗಸ್ಟ್‌ನಲ್ಲಿ ಶುರುವಾಗಿದ್ದು, 16ರಿಂದ 59 ವಯಸ್ಸಿನ ಅಸಂಘಟಿತ ಕಾರ್ಮಿಕರಿಗೆ. 12 ಅಂಕಿಯ ಒಂದು ನಂಬರ್ ಸಿಗುತ್ತೆ. ನೀವು ಕಾರ್ಮಿಕರು ಅಂತ ಹೇಳೋ ಒಂದು ಕಾಗದ ಅದು.

ನಾಲ್ಕು, ರೇಷನ್ ಕಾರ್ಡ್ ಊರಲ್ಲೇ ಇದ್ರೂ ಆಹಾರ ಭದ್ರತಾ ಕಾಯ್ದೆಯ ಧಾನ್ಯವನ್ನ ದೇಶದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದ್ರೂ ತಗೋಬಹುದು. 2022ರಿಂದ ಎಲ್ಲ ರಾಜ್ಯಗಳಲ್ಲೂ ಇದೆ.

ಐದು, ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದಿದ್ರೂ ಐಟಿ ರಿಟರ್ನ್ ಹಾಕಬಹುದು. ಬಿ.ಕಾಂ. ಓದಿದ ನನಗೆ ಇದು ಗೊತ್ತಿತ್ತು, ಹಾಕಲಿಲ್ಲ. ಅದಕ್ಕಿಂತ ನಾಚಿಕೆಗೇಡು ಇನ್ನೇನಿದೆ ಹೇಳಿ.

ಪ್ರಧಾನಮಂತ್ರಿ ಶ್ರಮಯೋಗಿ ಮಾನ್‌ಧನ್ ಪಿಂಚಣಿ ಬಗ್ಗೆ ಹಲವರು ಕೇಳ್ತೀರಿ. ತಿಂಗಳ ಆದಾಯ 15,000 ಒಳಗಿರೋ, 18ರಿಂದ 40 ವಯಸ್ಸಿನವರಿಗೆ. 29ಕ್ಕೆ ಸೇರಿದ್ರೆ ತಿಂಗಳಿಗೆ 100 ರೂಪಾಯಿ, ಸರ್ಕಾರವೂ ಅಷ್ಟೇ ಹಾಕುತ್ತೆ. 60 ಆದ ಮೇಲೆ ತಿಂಗಳಿಗೆ 3,000. ಮೂವತ್ತು ವರ್ಷ ಆದ ಮೇಲೆ 3,000ಕ್ಕೆ ಏನು ಬರುತ್ತೆ ಅನ್ನೋದನ್ನ ನೀವೇ ಯೋಚಿಸಿ. ಇಲ್ಲದ್ದಕ್ಕಿಂತ ಮೇಲು, ಅದನ್ನೇ ನಂಬಿ ಕೂರಬೇಡಿ.

ಬ್ಯಾಂಕ್ ಮ್ಯಾನೇಜರ್ ಎರಡು ವರ್ಷದ ರಿಟರ್ನ್ ತಗೊಂಡು ಬನ್ನಿ, ನೋಡೋಣ ಅಂದಿದ್ದಾರೆ. ಮೊದಲನೇದು ಹಾಕಿದ್ದೀನಿ. ಫ್ರಿಜ್ ಇನ್ನೂ ಬಂದಿಲ್ಲ. ಈ ಸೀಸನ್‌ಗೂ ತೋಟಕ್ಕೆ ಹೋಗ್ತೀನಿ, ಈ ಸಲ ಕೆಲಸದ ಆದೇಶ ಕಾಗದದಲ್ಲಿ ಕೇಳಿದ್ದೀನಿ. ಕೊಡ್ತೀವಿ ಅಂದಿದ್ದಾರೆ.

ನಿಮ್ಮ ಮನೆಯಲ್ಲಿ, ಊರಲ್ಲಿ ಕಬ್ಬು ಕಡಿಯೋಕೋ, ಇಟ್ಟಿಗೆ ಭಟ್ಟಿಗೋ, ಮೀನು ಬೋಟಿಗೋ ಸೀಸನ್ ಮೇಲೆ ಹೋಗೋರು ಇದ್ರೆ ಈ ಸಂಚಿಕೆಯನ್ನ ಅವರಿಗೆ ಕೇಳಿಸಿ. ಓದೋಕೆ ಬರದಿದ್ರೆ ನೀವೇ ಕೂತು ಅವರ ಮೊದಲ ಪುಟ ಬರೆದುಕೊಡಿ.