ಬೋಲ್ಟ್ ಬಿಗಿಗೂ ಉಂಟು ಲೆಕ್ಕ

ಕೌಜಲಗಿ: ಮೂಡಲಗಿ ತಾಲ್ಲೂಕಿನ ಈ ಭಾಗದ ರೈತರಿಗೆ ಪಂಪ್‌ಸೆಟ್ ಹೊಸದಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು 1888ರಲ್ಲಿ ಬೆಳಗಾವಿಯ ಸೈಕಲ್ ಅಂಗಡಿಯಿಂದ ಆರಂಭಿಸಿದ ಉದ್ಯಮವೇ ಮುಂದೆ ಪಂಪ್ ತಯಾರಿಕೆಯಲ್ಲಿ ದೇಶಕ್ಕೆ ಹೆಸರಾಯಿತು. ಹೊಲದ ಬಾವಿಯ ಪಂಪ್ ನೀರು ಎತ್ತದಿದ್ದಾಗ ಪಾನಾ ಹಿಡಿದು ಬೋಲ್ಟ್ ಬಿಗಿಯುವುದು ಇಲ್ಲಿ ನಿತ್ಯದ ಕೆಲಸ. ನಗರಗಳ ಈಜುಕೊಳಗಳ ಯಂತ್ರಗಳಿಗೂ ಅನ್ವಯಿಸುವುದು ಇದೇ ವಿದ್ಯೆ. ಆದರೆ ಅಲ್ಲಿ ಕೈ ಅಂದಾಜು ಸಾಲದು.

ಬೋಲ್ಟ್ ಒಂದು ಸ್ಪ್ರಿಂಗ್

ಬಿಗಿದಾಗ ಬೋಲ್ಟ್ ಕೂದಲೆಳೆಯಷ್ಟು ಹಿಗ್ಗುತ್ತದೆ. ಮರಳಿ ಕುಗ್ಗಲು ಅದು ಮಾಡುವ ಯತ್ನವೇ ಎರಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ. ಹಿಗ್ಗು ಕಡಿಮೆಯಾದರೆ ಪಂಪ್‌ನ ಅದುರಿಕೆಗೆ ನಟ್ಟು ಸಡಿಲಗೊಳ್ಳುತ್ತದೆ. ಮಿತಿ ಮೀರಿದರೆ ಬೋಲ್ಟ್ ಮರಳಿ ಕುಗ್ಗುವ ಗುಣ ಕಳೆದುಕೊಂಡು ತುಂಡಾಗುತ್ತದೆ.

ಬಿಗಿಯುವ ತಿರುಚುಬಲಕ್ಕೆ ಟಾರ್ಕ್ ಎಂದು ಹೆಸರು. ಕೈಬಲವನ್ನು ಪಾನಾದ ಉದ್ದದಿಂದ ಗುಣಿಸಿದರೆ ಅದು ದೊರೆಯುತ್ತದೆ. 25 ಸೆಂ.ಮೀ. ಪಾನಾದ ತುದಿಯಲ್ಲಿ 20 ಕಿಲೋ ಬಲ ಹಾಕಿದರೆ ಸುಮಾರು 49 ನ್ಯೂಟನ್ ಮೀಟರ್. 8.8 ದರ್ಜೆಯ, 10 ಮಿ.ಮೀ. ಉಕ್ಕಿನ ಬೋಲ್ಟ್‌ಗೆ ಸಾಮಾನ್ಯವಾಗಿ ಅಷ್ಟೇ ಸಾಕು. ಅದೇ ಪಾನಾಕ್ಕೆ ಪೈಪ್ ತೂರಿಸಿ 75 ಸೆಂ.ಮೀ. ಮಾಡಿಕೊಂಡರೆ ಟಾರ್ಕ್ ಮೂರು ಪಟ್ಟಾಗುತ್ತದೆ. ಬೋಲ್ಟ್ ಮುರಿಯುವುದು ಇಲ್ಲಿಯೇ.

ಹಾಕಿದ ಶ್ರಮದಲ್ಲಿ ಸುಮಾರು ಶೇ 90ರಷ್ಟು ಘರ್ಷಣೆಗೇ ವ್ಯಯವಾಗುತ್ತದೆ. ಹೀಗಾಗಿ ಒಣ ಬೋಲ್ಟ್‌ಗೆ ಹೇಳಿದ ಅಳತೆಯನ್ನು ಎಣ್ಣೆ ಸವರಿದ ಬೋಲ್ಟ್‌ಗೆ ಬಳಸಿದರೆ ಎಳೆತ ಅತಿಯಾಗುತ್ತದೆ.

ಮುಚ್ಚಳದ ಮೇಲೆ ಎರಡು ಟನ್

50 ಮೀಟರ್ ಉದ್ದ, 25 ಮೀಟರ್ ಅಗಲ, 2 ಮೀಟರ್ ಆಳದ ಕೊಳದಲ್ಲಿ 25 ಲಕ್ಷ ಲೀಟರ್ ನೀರಿರುತ್ತದೆ. ಅದನ್ನು ಪಂಪ್ ಸದಾ ಫಿಲ್ಟರ್ ಮೂಲಕ ಹಾಯಿಸುತ್ತಿರಬೇಕು. 50 ಸೆಂ.ಮೀ. ವ್ಯಾಸದ ಫಿಲ್ಟರ್ ಮುಚ್ಚಳದ ಮೇಲೆ ಪ್ರತಿ ಚದರ ಸೆಂ.ಮೀ.ಗೆ ಕೇವಲ ಒಂದು ಕಿಲೋ ಒತ್ತಡವಿದ್ದರೂ ಒಟ್ಟು ಬಲ ಸುಮಾರು ಎರಡು ಟನ್. ಒಳಗೆ ಗಾಳಿ ಸೇರಿದ್ದರೆ ಅಪಾಯ ಇನ್ನೂ ಹೆಚ್ಚು. ಅದುಮಿದ ಗಾಳಿ ಸಡಿಲ ಮುಚ್ಚಳವನ್ನು ಗುಂಡಿನಂತೆ ಚಿಮ್ಮಿಸಬಲ್ಲದು. ಆದ್ದರಿಂದ ಮೊದಲು ಪಂಪ್ ನಿಲ್ಲಿಸಿ, ಗಾಳಿ ಹೊರಬಿಡುವ ವಾಲ್ವ್ ತೆರೆದು, ಒತ್ತಡಮಾಪಕದ ಮುಳ್ಳು ಸೊನ್ನೆಗೆ ಇಳಿದ ಬಳಿಕವೇ ಬೋಲ್ಟ್ ಮುಟ್ಟಬೇಕು.

ಎದುರುಬದುರು ಬಿಗಿ

ಫ್ಲೇಂಜ್‌ನ ಬೋಲ್ಟ್‌ಗಳನ್ನು ಸಾಲಾಗಿ ಬಿಗಿದರೆ ಒಂದು ಬದಿ ಕುಸಿದು, ಇನ್ನೊಂದು ಬದಿ ಎದ್ದು ಪ್ಯಾಕಿಂಗ್ ಸೋರುತ್ತದೆ. ಒಂದಾದ ಮೇಲೆ ಅದರ ಎದುರಿನದು ಎಂಬಂತೆ, ಮೊದಲ ಸುತ್ತಿನಲ್ಲಿ ಶೇ 30, ಎರಡನೆಯದರಲ್ಲಿ ಶೇ 60, ಮೂರನೆಯದರಲ್ಲಿ ಪೂರ್ಣ ಟಾರ್ಕ್ ನೀಡುವುದು ಸರಿಯಾದ ಕ್ರಮ.

ಪ್ಲಾಸ್ಟಿಕ್ ಭಾಗಗಳಿಗೆ ಉಕ್ಕಿನ ಲೆಕ್ಕ ಸಲ್ಲದು. ತಯಾರಕರ ಕೈಪಿಡಿಯ ಅಂಕಿಯೇ ಪ್ರಮಾಣ. ಪಂಪ್‌ನ ಪಾರದರ್ಶಕ ಮುಚ್ಚಳಕ್ಕೆ ಸಾಮಾನ್ಯವಾಗಿ ಕೈಬಿಗಿಯೇ ಸಾಕು. ಅದು ಗಾಳಿ ಎಳೆದುಕೊಳ್ಳುತ್ತಿದ್ದರೆ ಇನ್ನಷ್ಟು ತಿರುಚುವ ಬದಲು ರಬ್ಬರ್ ಉಂಗುರವನ್ನು ಒರೆಸಿ, ಸಿಲಿಕೋನ್ ಗ್ರೀಸ್ ಸವರಬೇಕು, ಬಿರುಕಿದ್ದರೆ ಬದಲಿಸಬೇಕು. ಪೆಟ್ರೋಲಿಯಂ ಗ್ರೀಸ್ ರಬ್ಬರನ್ನು ಕೆಡಿಸುತ್ತದೆ. ಕ್ಲೋರಿನ್ ನೀರಿನ ಬಳಿ ಬಳಸುವ ಸ್ಟೇನ್‌ಲೆಸ್ ಬೋಲ್ಟ್‌ಗಳು ಒಣಗಿದ್ದಾಗ ನಟ್ಟಿಗೆ ಕಚ್ಚಿಕೊಳ್ಳುವುದುಂಟು. ಅವುಗಳಿಗೆ ಕಚ್ಚುನಿರೋಧಕ ಲೇಪ ಹಚ್ಚಿ, ಟಾರ್ಕ್ ತಗ್ಗಿಸಬೇಕು.

ನಿಗದಿತ ಬಿಗಿ ತಲುಪಿದಾಗ ‘ಟಕ್’ ಎನ್ನುವ ಟಾರ್ಕ್ ಪಾನಾ ಈ ಕೆಲಸಕ್ಕೆ ಒದಗುತ್ತದೆ. ಬಳಸಿದ ಮೇಲೆ ಅದರ ಮಾಪನವನ್ನು ಕನಿಷ್ಠ ಅಂಕಿಗೆ ಇಳಿಸಿಡಬೇಕು. ಬೋಲ್ಟ್ ಬಿಚ್ಚಲು ಅದನ್ನು ಬಳಸಬಾರದು. ವರ್ಷಕ್ಕೊಮ್ಮೆ ಅಥವಾ 5,000 ಬಿಗಿಗಳಿಗೊಮ್ಮೆ ಪರೀಕ್ಷೆ ಮಾಡಿಸಬೇಕು.

ಹೊಲದ ಪಂಪ್‌ನಲ್ಲಿ ಬಿಗಿ ತಪ್ಪಿದರೆ ಒಂದು ದಿನದ ನೀರು ನಷ್ಟವಾದೀತು. ಮಕ್ಕಳು ಈಜುವ ಕೊಳದ ಯಂತ್ರಕೋಣೆಯಲ್ಲಿ ತಪ್ಪಿದರೆ ಪಾನಾ ಹಿಡಿದವನ ಪ್ರಾಣಕ್ಕೇ ಸಂಚಕಾರ.